ಸಹಾಯ ಬೇಕು: ಹೊಕ್ಕೈಡೊದಲ್ಲಿ ಬ್ಯಾಕ್‌ಕಂಟ್ರಿ ಸ್ಕೀಯಿಂಗ್‌ಗೆ ಗೈಡ್

ಜಪಾನಿನಲ್ಲಿರುವ ಕನ್ನಡ ಬಂಧುಗಳಿಗೆ ನಮಸ್ಕಾರ.

ಬರುವ ಫೆಬ್ರವರಿಯಲ್ಲಿ ನಾನೂ ನನ್ನ ಭಾವನವರೂ ಹೊಕ್ಕೈಡೊಗೆ ಹೋಗಿ, ರೆಸಾರ್ಟಿನ ಲಿಫ್ಟುಗಳನ್ನು ಬಿಟ್ಟು, ಗೈಡ್ ಜೊತೆಯಲ್ಲಿ ಬೆಟ್ಟದ ತಾಜಾ ಹಿಮದಲ್ಲಿ ಇಳಿಯಬೇಕೆಂದಿದ್ದೇವೆ. ನನ್ನದು ಸ್ಕೀ, ಅವರದು ಸ್ನೋಬೋರ್ಡ್. ರೆಸಾರ್ಟಿನ ಕಡಿದಾದ ಇಳಿಜಾರುಗಳು ಇಬ್ಬರಿಗೂ ರೂಢಿಯಾಗಿದ್ದರೂ, ಕಾಲ್ನಡಿಗೆಯಲ್ಲಿ ಹಿಮಬೆಟ್ಟ ಹತ್ತಿದ ಅನುಭವವಿಲ್ಲ.

ಮನಸ್ಸಿನಲ್ಲಿರುವುದು 2,291 ಮೀಟರ್ ಎತ್ತರದ ಅಸಾಹಿದಾಕೆ ಅಥವಾ ನಿಸೆಕೊ ಬಳಿಯ 1,898 ಮೀಟರಿನ ಯೋಟೆಯ್. ಮೊದಲನೆಯದರಲ್ಲಿ ರೋಪ್‌ವೇ ಸುಮಾರು 1,600 ಮೀಟರ್‌ವರೆಗೆ ಒಯ್ಯುತ್ತದೆ. ಯೋಟೆಯನ್ನು ಬುಡದಿಂದಲೇ ಹತ್ತಬೇಕು. ಸೈಬೀರಿಯಾದ ಗಾಳಿ ಜಪಾನ್ ಸಮುದ್ರದ ತೇವ ಹೀರಿ ತಂದು ಸುರಿಸುವ ಹಿಮ ಹತ್ತಿಯಷ್ಟು ಹಗುರವೆಂಬುದೇನೋ ನಿಜ, ಆದರೆ ಅದೇ ಹಿಮ ಗಾಳಿಗೆ ಒಂದೆಡೆ ಗುಡ್ಡೆಯಾಗಿ ಕುಸಿಯುತ್ತದೆ, ಮರದ ಬುಡಗಳಲ್ಲಿ ಮನುಷ್ಯ ತಲೆಕೆಳಗಾಗಿ ಸಿಕ್ಕಿಕೊಳ್ಳುವಂಥ ಕುಳಿಗಳನ್ನೂ ಮರೆಮಾಡುತ್ತದೆ. ಆದ್ದರಿಂದ ದುಡ್ಡು ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ, ಹವೆ ಕೆಟ್ಟರೆ ಮುಲಾಜಿಲ್ಲದೆ ಹಿಂದಕ್ಕೆ ಕರೆತರುವ ಗೈಡ್ ಬೇಕು.

ಹೋಗಿ ಬಂದವರು ದಯವಿಟ್ಟು ತಿಳಿಸಿ. ಒಬ್ಬ ಗೈಡ್‌ಗೆ ಎಷ್ಟು ಜನರಿದ್ದರು? ಬೀಕನ್ (ಹಿಮದಡಿ ಹೂತವರನ್ನು ಪತ್ತೆಹಚ್ಚಲು ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆಗಳನ್ನು ಅವರೇ ಬಾಡಿಗೆಗೆ ಕೊಟ್ಟು, ಹೊರಡುವ ಮುನ್ನ ಹೂತ ಬೀಕನ್ ಹುಡುಕುವ ಅಭ್ಯಾಸ ಮಾಡಿಸಿದರೇ? ಭಾವನವರಿಗೆ ಸ್ಪ್ಲಿಟ್‌ಬೋರ್ಡ್ (ಹತ್ತುವಾಗ ಎರಡು ಸ್ಕೀಗಳಂತೆ ಬಿಡಿಸಿಕೊಳ್ಳಬಹುದಾದ ಸ್ನೋಬೋರ್ಡ್) ಬಾಡಿಗೆಗೆ ಸಿಕ್ಕೀತೇ, ಇಲ್ಲವೇ ಸ್ನೋಶೂ ತೊಟ್ಟು ಬೋರ್ಡನ್ನು ಬೆನ್ನಿಗೆ ಕಟ್ಟಿಕೊಂಡೇ ಹತ್ತಬೇಕೇ? ಮುಖ್ಯವಾಗಿ, ರೆಸಾರ್ಟಿನ ಗಡಿ ದಾಟಿದ ಮೇಲೆ ಹುಡುಕಾಟ ಮತ್ತು ರಕ್ಷಣೆಯ ವೆಚ್ಚವನ್ನೂ ಭರಿಸುವ ವಿಮೆಯನ್ನು ಯಾರಾದರೂ ಮಾಡಿಸಿದ್ದರೆ ಅದರ ವಿವರ ಬೇಕು. ತಪ್ಪಲಿನಲ್ಲಿ ಸಸ್ಯಾಹಾರ ಸಿಗುವ ತಂಗುದಾಣ ಗೊತ್ತಿದ್ದರೆ ಅದನ್ನೂ ಬರೆಯಿರಿ. ಭಾವನವರು ಮೀನಿನ ಸಾರನ್ನೂ ಮುಟ್ಟುವವರಲ್ಲ.