ಅಪ್‌ಡೇಟ್: ಅಪ್ಪನ ನೆನಪಿನ ಗಾಲ್ಫ್ ಟೂರ್ನಿ ಮುಗಿಯಿತು

ಕೋಲಾರದ ಟೊಮೆಟೊ ಮಂಡಿ ವ್ಯಾಪಾರಿಯಾಗಿದ್ದ ಅಪ್ಪನ ನೆನಪಿಗೆ ಟೂರ್ನಿ ಇಟ್ಟಿದ್ದೇವೆ, ಅರ್ಧ ಜನಕ್ಕೆ ಹ್ಯಾಂಡಿಕ್ಯಾಪ್ (ಆಟದ ಮಟ್ಟ ನೋಡಿ ಒಟ್ಟು ಹೊಡೆತಗಳಲ್ಲಿ ಕಳೆಯುವ ರಿಯಾಯಿತಿ) ಇಲ್ಲ, ಏನು ಮಾಡೋದು ಅಂತ ಕೇಳಿದ್ದೆ ಅಲ್ವಾ? ಭಾನುವಾರ ಚೆನ್ನಾಗಿ ನಡೆಯಿತು.

ಕೈ ಹಿಡಿದದ್ದು ನೀವು ಹೇಳಿದ ಡಬಲ್ ಪಿಯೋರಿಯಾ, ಅಂದರೆ ಅವತ್ತಿನ ಆಟದಿಂದಲೇ ಹ್ಯಾಂಡಿಕ್ಯಾಪ್ ಲೆಕ್ಕ ಹಾಕುವ ವಿಧಾನ. 18ರಲ್ಲಿ 12 ಹೋಲ್‌ಗಳನ್ನು, ಪಾರ್ (ಹೋಲ್ ಮುಗಿಸಲು ನಿಗದಿಯಾದ ಹೊಡೆತಗಳು) ಒಟ್ಟು 48 ಬರುವಂತೆ, ಗುಟ್ಟಾಗಿ ಆರಿಸಿ ಕವರಿನಲ್ಲಿ ಅಂಟಿಸಿಟ್ಟೆವು. ಅವುಗಳಲ್ಲಿನ ಹೊಡೆತಗಳನ್ನು 1.5ರಿಂದ ಗುಣಿಸಿ, ಕೋರ್ಸಿನ ಪಾರ್ 72 ಕಳೆದು, ಉಳಿದದ್ದರಲ್ಲಿ ಶೇ. 80 ಹ್ಯಾಂಡಿಕ್ಯಾಪ್. ಆ 12ರಲ್ಲಿ 66 ಹೊಡೆದವರಿಗೆ 21.6 ಸಿಕ್ಕಿತು. ಎಲ್ಲರಿಗೂ ಸುಮ್ನೆ 24 ಕೊಡಿ ಎಂಬ ಸಲಹೆಯನ್ನು ಅಭ್ಯಾಸದ ದಿನ ನೋಡಿದೆವು, ಪಳಗಿದವರೇ ಗೆದ್ದರು.

ನನಗೆ ಹೊಸದು: ಕೆಟ್ಟದಾಗಿ ಆಡಿದ ಹೋಲ್ ಆ 12ರಲ್ಲಿ ಬಿದ್ದರೆ ಲಾಭವೇ ಜಾಸ್ತಿ, ಹೆಚ್ಚಾದ ಒಂದೊಂದು ಹೊಡೆತಕ್ಕೂ ಹ್ಯಾಂಡಿಕ್ಯಾಪ್ 1.2 ಏರುತ್ತದೆ!

ಮೂರನೇ ಬಹುಮಾನ ಮಂಡಿಯಲ್ಲಿ ಅಪ್ಪನ ಲೆಕ್ಕ ಬರೆಯುತ್ತಿದ್ದವರಿಗೆ. ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದ ಅಪ್ಪನ ಹಳೇ ಪಟ್ಟರ್‌ನಲ್ಲೇ (ಚೆಂಡನ್ನು ಕುಳಿಗೆ ಉರುಳಿಸುವ ಕೋಲು) ಆಡಿದರು. ಅಮ್ಮ ಅದನ್ನು ಅವರಿಗೇ ಕೊಟ್ಟುಬಿಟ್ಟರು.