ಅಪ್‌ಡೇಟ್: ಅಪ್ಪನ ಜೊತೆ ಮಲಕಪೇಟೆ ರೇಸ್‌ಗೆ ಹೋಗಿ ಬಂದೆ

ಕಲಬುರಗಿಯಿಂದ ಹೈದರಾಬಾದಿನ ಮಲಕಪೇಟೆ ರೇಸ್‌ಕೋರ್ಸ್‌ಗೆ ಹೋಗುವುದು ಹೇಗೆ, ಬಾಜಿ ಕಟ್ಟದೆ ಸುಮ್ನೆ ಕುದುರೆ ನೋಡಿ ಬರಬಹುದಾ ಅಂತ ಕೇಳಿದ್ದೆ. ನೋಡಿಕೊಂಡು ಬಂದೆವು. ಖಂಡಿತ ಆಗುತ್ತದೆ.

ದಾರಿ ಸುಲಭ. ನಮ್ಮ ಬಸ್ಸು ಎಂ.ಜಿ. ಬಸ್ ನಿಲ್ದಾಣಕ್ಕೆ ಹೋಯಿತು. ಅಲ್ಲಿಂದ ಎಲ್.ಬಿ. ನಗರದ ಕಡೆಯ ಮೆಟ್ರೋ ಹತ್ತಿದರೆ ಮುಂದಿನ ಸ್ಟೇಷನ್ನೇ ಮಲಕಪೇಟೆ. ರೈಲಿನಲ್ಲಿ ನಾಂಪಲ್ಲಿಗೆ ಇಳಿದರೂ ಇದೇ ಮೆಟ್ರೋ.

ಆಗ ಒಬ್ಬ ಅಣ್ಣಾರು "ಪ್ಯಾಡಾಕ್ ಬಿಡಬೇಡ್ರಿ" ಅಂದಿದ್ದರು. ಪ್ಯಾಡಾಕ್ ಅಂದರೆ ಓಟಕ್ಕೆ ಮೊದಲು ಕುದುರೆಗಳನ್ನು ತೋರಿಸುವ ಬೇಲಿ ಹಾಕಿದ ಅಂಗಳ. ನಾವು ಮೊದಲ ರೇಸ್‌ಗೆ ಸ್ಟ್ಯಾಂಡಿನಲ್ಲೇ ಕೂತು ತಪ್ಪು ಮಾಡಿದೆವು. ಓಟ ಒಂದೂವರೆ ನಿಮಿಷದೊಳಗೇ ಮುಗಿಯಿತು. ದೂರದಲ್ಲಿ ಧೂಳು, ಬಣ್ಣದ ಅಂಗಿಗಳು, ಅಷ್ಟೇ. ಎರಡನೇ ರೇಸ್‌ನಿಂದ ಪ್ಯಾಡಾಕ್ ಬೇಲಿ ಬಿಟ್ಟು ಕದಲಲಿಲ್ಲ. ಓಟಕ್ಕೆ ಮೊದಲು ಕುದುರೆಗಳನ್ನು ಅಲ್ಲಿ ಸುತ್ತು ಹಾಕಿಸುತ್ತಾರೆ. ಜಾಕಿಗಳು ಹತ್ತುವುದೂ ಅಲ್ಲೇ. ಕುದುರೆಗಳ ಮೈ ಮಿರಮಿರ ಮಿಂಚುತ್ತಿತ್ತು. ನಮ್ಮ ಮುತ್ಯಾ (ಅಜ್ಜ) ಟಾಂಗಾ ಹೊಡೆಯುತ್ತಿದ್ದರು, ಹಾಗಾಗಿ ಅಪ್ಪನಿಗೆ ಕುದುರೆ ಗೊತ್ತು. ಅಪ್ಪ ಒಂದೊಂದರ ಕಾಲು, ಕಿವಿ ನೋಡಿ "ಇದು ಇವತ್ತು ಓಡ್ತದ" ಅನ್ನುತ್ತಿದ್ದರು. ಎರಡು ಸಲ ಅವರ ಮಾತು ನಿಜವಾಯಿತು!

ರೇಸ್‌ಬುಕ್ ಕೊಳ್ಳಿ. ಕುದುರೆ ನಂಬರು, ಹೊರುವ ತೂಕ ಎಲ್ಲ ಅದರಲ್ಲಿರುತ್ತದೆ. ಓಟದ ದೂರ ಹೇಳುವಾಗ ಬರುವ ಒಂದು ಫರ್ಲಾಂಗ್ ಅಂದರೆ ಸುಮಾರು 200 ಮೀಟರ್, ಇಷ್ಟು ಗೊತ್ತಿದ್ದರೆ ಸಾಕು. ಬೈನಾಕ್ಯುಲರ್ ಇದ್ದರೆ ಒಯ್ಯಿರಿ.

1886ರಲ್ಲಿ ಆರನೇ ನಿಜಾಮರ ಕಾಲದಲ್ಲಿ ರೇಸು ಮಲಕಪೇಟೆಗೆ ಬಂತಂತೆ. ಆಗ ಕಲಬುರಗಿಯೂ ಅದೇ ಸಂಸ್ಥಾನ ಅಲ್ವಾ, ಅಪ್ಪನಿಗೆ ಅದು ಬಹಳ ಹಿಡಿಸಿತು.

ಅಲ್ಲಿನ ದೊಡ್ಡ ರೇಸ್ ಡೆಕ್ಕನ್ ಡರ್ಬಿಗೆ ಮತ್ತೆ ಕರೆದುಕೊಂಡು ಹೋಗು ಅಂತ ಈಗಲೇ ಹೇಳಿದ್ದಾರೆ.