'ಟೀಕೆ ಮಾಡಿದ' ಅಂದರೆ ಗುಂಡು ಹೊಡೆದ ಅಂತ!

ಎಲ್ಲರಿಗೂ ನಮಸ್ಕಾರ.

ಮೊನ್ನೆ ನಮ್ಮಕ್ಕನ ಮಗ ಹೆಡ್‌ಫೋನ್ ಹಾಕಿಕೊಂಡು ಕೂಗುತ್ತಿದ್ದ: "ಲೋ, ಮತ್ತೆ ಟೀಕೆ ಮಾಡ್ದಲ್ಲೋ!" ಯಾರೋ ಇವನ ಆಟವನ್ನು ಟೀಕಿಸಿದರು ಅಂದುಕೊಂಡೆ. ಕೇಳಿದರೆ ಅದು ಟಿ.ಕೆ., ಅಂದರೆ ಟೀಮ್ ಕಿಲ್. ಶೂಟಿಂಗ್ ಆಟದಲ್ಲಿ ತನ್ನ ತಂಡದವನನ್ನೇ ಹೊಡೆದು ಉರುಳಿಸುವುದು.

ಅವನ ಗೆಳೆಯರೆಲ್ಲ ಸೇರಿ ಕೌಂಟರ್ ಸ್ಟ್ರೈಕ್ ಅನ್ನುವ ಶೂಟಿಂಗ್ ಆಟದ ಪಂದ್ಯ ಇಟ್ಟುಕೊಂಡಿದ್ದಾರೆ. ನಿಯಮಗಳನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆರು ನಿಯಮ ಸಲೀಸಾಗಿ ಬಂದವು, ಏಳನೆಯದರಲ್ಲಿ ಈ ಟೀಕೆ ಸಿಕ್ಕಿಕೊಂಡಿದೆ. 'ಸ್ವಪಕ್ಷೀಯರ ಹತ್ಯೆ' ಅಂದರೆ ಹುಡುಗರು ಚುನಾವಣೆ ಸುದ್ದಿ ಅಂದುಕೊಳ್ಳುತ್ತಾರೆ. ನಮ್ಮವರ ಗುಂಡು ನಮ್ಮವರಿಗೇ ತಗಲುವುದಕ್ಕೆ ಇಂಗ್ಲಿಷಿನಲ್ಲಿ ಫ್ರೆಂಡ್ಲಿ ಫೈರ್ ಅನ್ನುತ್ತಾರೆ, ಅದಕ್ಕೆ 'ಸ್ನೇಹದ ಗುಂಡು' ಅಂತ ಇಟ್ಟರೆ ಯಾರೋ ಪ್ರೀತಿಯಿಂದ ಹೊಡೆದ ಹಾಗಿದೆ.

ಇಂಗ್ಲಿಷಿನಲ್ಲೂ ಈ ಮಾತು ನೆಟ್ಟಗೇನೂ ಬಂದಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಕೆಲವು ಸೈನಿಕರು ತಮ್ಮ ಅಧಿಕಾರಿಗಳ ಮೇಲೆಯೇ ಫ್ರ್ಯಾಗ್ಮೆಂಟೇಶನ್ ಗ್ರೆನೇಡ್ (ಚೂರುಗಳಾಗಿ ಸಿಡಿಯುವ ಕೈಬಾಂಬು) ಎಸೆಯುತ್ತಿದ್ದರು. ಅದಕ್ಕೆ 'ಫ್ರ್ಯಾಗ್' ಮಾಡುವುದು ಅನ್ನುತ್ತಿದ್ದರು. 1993ರ ಡೂಮ್ ಆಟದ ಹೊತ್ತಿಗೆ ಅದೇ ಫ್ರ್ಯಾಗ್ ಎದುರಾಳಿಯನ್ನು ಕೊಂದ ಲೆಕ್ಕವಾಯಿತು. ನಮ್ಮವರನ್ನು ಕೊಲ್ಲುವ ಮಾತು ಎದುರಾಳಿಯ ಪಾಲಾಯಿತು, ನಮ್ಮವರಿಗೆ ಬೇರೆ ಮಾತು ಬೇಕಾಯಿತು. ವಿಚಿತ್ರ ಅಲ್ವಾ?

ಆದರೆ ಹುಡುಗರ ಮಾತನ್ನು ಗಮನವಿಟ್ಟು ಕೇಳಿದಾಗ ಒಂದು ವಿಷಯ ಹೊಳೆಯಿತು. ಆಟದ ಡಸ್ಟ್ 2 ಅನ್ನುವ ಮ್ಯಾಪಿನ ಬಾಗಿಲ ಹತ್ತಿರ ಫ್ಲ್ಯಾಶ್, ಅಂದರೆ ಕಣ್ಣು ಕುಕ್ಕುವ ಗ್ರೆನೇಡ್, ಸಿಡಿದು ಪರದೆ ಬೆಳ್ಳಗಾಯಿತು. ಗಾಬರಿಯಲ್ಲಿ ಒಬ್ಬ ಸುಮ್ನೆ ಗುಂಡು ಸುರಿದ, ಮುಂದಿದ್ದ ಗೆಳೆಯನೇ ಬಿದ್ದ. ಆಗ ಅವನು ಹೇಳಿದ್ದು, "ಸಾರಿ ಕಣೋ, ಟೀಕೆ ಆಯ್ತು." ಬೇಕಂತಲೇ ಹೊಡೆದವನಿಗೆ ಮಾತ್ರ "ಟೀಕೆ ಮಾಡ್ದ". ಆಯ್ತು, ಮಾಡ್ದ ಇಷ್ಟರಲ್ಲೇ ತಪ್ಪು ಯಾರದು ಅನ್ನುವುದು ತೀರ್ಮಾನ. ಕೌಂಟರ್ ಸ್ಟ್ರೈಕಿನ ಹಳೆಯ ಆವೃತ್ತಿ 1.6ಕ್ಕೆ ಈ ಭೇದ ಗೊತ್ತಿರಲಿಲ್ಲ. ಕೈತಪ್ಪಿದರೂ ಆಟದೊಳಗಿನ ಹಣದಲ್ಲಿ 3300 ಡಾಲರ್ ಕತ್ತರಿ! 2019ರಲ್ಲಿ ರೇನ್‌ಬೋ ಸಿಕ್ಸ್ ಸೀಜ್ ಅನ್ನುವ ಇನ್ನೊಂದು ಶೂಟಿಂಗ್ ಆಟ ಒಂದು ಉಪಾಯ ತಂದಿತು. ಬೇಕಂತ ಹೊಡೆದನೋ ಇಲ್ಲವೋ ಅಂತ ಸತ್ತವನನ್ನೇ ಕೇಳುವುದು. ಹೌದು ಅಂದರೆ, ಹೊಡೆದವನು ಮತ್ತೆ ತನ್ನ ತಂಡದವರಿಗೆ ಗುಂಡು ಹೊಡೆದಾಗ ಏಟು ಅವನಿಗೇ ಬೀಳುತ್ತದೆ. ಇದಕ್ಕಂತೂ 'ತಿರುಗುಬಾಣ' ಸಿದ್ಧವಾಗಿಯೇ ಇದೆ.

ಹಾಗಾಗಿ ನನಗೆ ಎರಡು ಪದ ಬೇಕು. ಕೈತಪ್ಪಿ ಆದದ್ದಕ್ಕೆ 'ತಪ್ಪುಗುಂಡು' ನಡೆಯುತ್ತದಾ? ಬೇಕಂತಲೇ ಹೊಡೆಯುವವನಿಗೆ 'ಕೊಡಲಿಕಾವು' ಅನ್ನೋಣ ಅಂತ ಆಸೆ. ಕುಲಕ್ಕೆ ಮೃತ್ಯು ಕೊಡಲಿ ಕಾವು ಅನ್ನುವ ಗಾದೆ ಇದೆಯಲ್ಲ, ಅದರಿಂದ; ಮರ ಕಡಿಯುವ ಕೊಡಲಿಯ ಕಾವು, ಅಂದರೆ ಹಿಡಿ, ಮರದ್ದೇ ತಾನೆ. ಹುಡುಗರಿಗೆ ಹೇಳಿದೆ, ಒಬ್ಬನಿಗೆ ಕಾವು ಅಂದರೇನು ಅಂತಲೇ ಗೊತ್ತಿಲ್ಲ. ಇನ್ನೊಬ್ಬನಿಗೆ ಎಷ್ಟು ಇಷ್ಟವಾಯಿತು ಅಂದರೆ, ಆಟದಲ್ಲಿ ತನ್ನ ಹೆಸರನ್ನೇ ಹಾಗೆ ಬದಲಾಯಿಸಿಕೊಂಡಿದ್ದಾನೆ. ಅವನ ಮೇಲೆ ನನಗೆ ಅನುಮಾನ ಜಾಸ್ತಿ.

ಲಗೋರಿಯಲ್ಲಿ ಚೆಂಡು ನಮ್ಮವನಿಗೇ ಬಿದ್ದರೆ ನಿಮ್ಮ ಕಡೆ ಏನನ್ನುತ್ತಿದ್ದಿರಿ? ಅಂಥ ಪದ ಸಿಕ್ಕರೆ ಇನ್ನೂ ಒಳ್ಳೆಯದು. ಶನಿವಾರ ಪಂದ್ಯ, ಅದರೊಳಗೆ ಬರೆಯಿರಿ.